ಡೆಲ್ಫಿಯಾ ‘ಇಲ್ಲ’ ಅಂದದ್ದು

ಟಕ್.

ಅಡುಗೆಮನೆಯ ಮೇಜಿನ ಮೇಲೆ ಆರಲಿಟ್ಟ ಜಾಡಿಯೊಂದರ ತಗಡಿನ ಮುಚ್ಚಳ ಒಳಕ್ಕೆ ಎಳೆದುಕೊಂಡು ಬಿಗಿಯಾಗಿ ಕೂತ ಸದ್ದು ಅದು. ಡೆಲ್ಫಿಯಾ ರ‍್ಯಾಟ್ಲಿಫ್ ತಿರುಗಿ ನೋಡದೆಯೇ “ಒಂಬತ್ತು” ಅಂದಳು. ಬೆಳಿಗ್ಗೆ ಬೀನ್ಸ್ ಬೇಯಿಸಿ ತುಂಬಿಟ್ಟ ಜಾಡಿಗಳು ಹದಿನಾಲ್ಕು. ಸದ್ದು ಮಾಡಿದ ಜಾಡಿ ಚಳಿಗಾಲ ಮುಗಿಯುವವರೆಗೂ ಕೆಡುವುದಿಲ್ಲ.

ಗಂಡ ಆರ್ವಿಲ್ ಇದ್ದಾಗ ಈ ಎಣಿಕೆ ಅವನ ಪಾಲಿನದು. ವರಾಂಡದಲ್ಲಿ ಕೂತು ಒಂದೊಂದನ್ನೇ ಕೂಗುತ್ತಿದ್ದ. ನಡುನಡುವೆ ತಾನೇ ನಾಲಿಗೆಯಿಂದ ಟಕ್ ಅನ್ನಿಸುತ್ತಿದ್ದ. ಹದಿನಾಲ್ಕು ಜಾಡಿಗೆ ಹದಿನೇಳು ಸದ್ದಾಗಿ ಅವಳು ಸೌಟು ಹಿಡಿದು ಹೊರಗೆ ಬಂದರೆ, ಮುಖ ಗಂಭೀರ ಮಾಡಿಕೊಂಡು ಬೆಟ್ಟ ನೋಡುತ್ತಿದ್ದ.

ಜಾಡಿಯ ವಿಷಯದಲ್ಲಿ ಅಷ್ಟು ಸುಳ್ಳು ಹೇಳಿದವನು ದೇವರ ವಿಷಯದಲ್ಲಿ ಒಂದನ್ನೂ ಹೇಳಲಿಲ್ಲ. ತಕರಾರು ಬಂದದ್ದೇ ಅಲ್ಲಿ.

ಕೆಂಟಕಿಯ ಆ ಬೆಟ್ಟಗಳ ಸಂದಿಯಲ್ಲಿ, ಲಾರೆಲ್ ತೊರೆಯ ದಂಡೆಯ ಸಭೆಯಲ್ಲಿ, ತೊರೆಯ ನೀರಿಗಿಳಿದು ದೀಕ್ಷಾಸ್ನಾನ ಪಡೆಯಲು ಯಾರನ್ನೂ ಒತ್ತಾಯ ಮಾಡುವುದಿಲ್ಲ. ದೇವರ ಕರೆ ಬರಬೇಕು, ಅವರವರ ಎದೆಯೊಳಗೇ ಬರಬೇಕು. ಇಪ್ಪತ್ತಕ್ಕೆ ಬಂದವರಿದ್ದಾರೆ, ಎಪ್ಪತ್ತಕ್ಕೆ ಬಂದವರೂ ಇದ್ದಾರೆ. ಆರ್ವಿಲ್ ನಲವತ್ತು ವರ್ಷಗಳ ಕಾಲ ಹಿಂದಿನ ಬೆಂಚಿನಲ್ಲೇ ಕೂತ. ಸಭಾಮನೆಯ ಸೂರು ಸರಿಮಾಡಿದ, ಊರಿನ ಅರ್ಧ ಗೋರಿಗಳನ್ನು ಅಗೆದ. ಕೇಳಿದರೆ, “ನನಗಿನ್ನೂ ಕರೆ ಬಂದಿಲ್ಲ ಕಣೇ. ಬರದೇ ಬಂತು ಅಂತ ಹೇಗೆ ಹೇಳಲಿ?” ಅನ್ನುತ್ತಿದ್ದ. ಕಳೆದ ಚಳಿಗಾಲದಲ್ಲಿ, ಕರೆ ಬರುವ ಮೊದಲೇ, ಎದೆಯಲ್ಲಿ ಕಫ ಕಟ್ಟಿ ಹೋಗಿಬಿಟ್ಟ.

ಮೇ ತಿಂಗಳಲ್ಲಿ, ತೀರಿಕೊಂಡವರ ನೆನಪಿನ ಕೂಟದಲ್ಲಿ, ಹಿರಿಯ ಬೋಧಕ ಆರ್ಬಿನ್ ಸ್ಟಿಲ್ಟ್ನರ್, ರಾಗ ಏರಿ, ಬೆವರು ಸುರಿದು, “ನೀರಿಗಿಳಿಯದೆ ಸತ್ತವನಿಗೆ ಬಾಗಿಲು ಮುಚ್ಚಿದೆ, ಬೆಂಕಿ ತೆರೆದಿದೆ” ಅಂದುಬಿಟ್ಟ. ಹೆಸರೇನೂ ಹೇಳಲಿಲ್ಲ. ಆದರೆ ಎಲ್ಲ ತಲೆಗಳೂ ಡೆಲ್ಫಿಯಾಳ ಕಡೆ ತಿರುಗಿದವು.

ಅವಳು ಮನೆಗೆ ಬಂದು ಬೈಬಲ್ ತೆಗೆದು ಓದಿದಳು. ಬೆಂಕಿಯ ಮಾತು ಅಲ್ಲಿತ್ತು, ಅಳಿಸಲಿಕ್ಕೆ ಅವಳು ಯಾರು? ದೇವರು ಒಳ್ಳೆಯವನು ಎಂಬ ಮಾತೂ ಅದೇ ಪುಸ್ತಕದಲ್ಲಿತ್ತು. ಎರಡನ್ನೂ ಒಂದೇ ಕಪಾಟಿನಲ್ಲಿಡಲು ಹೋದರೆ ಬಾಗಿಲು ಹಾಕಲಾಗುತ್ತಿರಲಿಲ್ಲ.

ವರ್ಷಕ್ಕೊಮ್ಮೆ, ಯೇಸು ಶಿಷ್ಯರಿಗೆ ಮಾಡಿದಂತೆ, ರೊಟ್ಟಿ ಮುರಿದು, ಒಬ್ಬರ ಪಾದ ಒಬ್ಬರು ತೊಳೆಯುವ ಭಾನುವಾರ ಬರುತ್ತದೆ. ಬೋಗುಣಿಗಳನ್ನು ತಿಕ್ಕುವುದು, ಪಾದ ಒರೆಸಲು ಸೊಂಟಕ್ಕೆ ಕಟ್ಟುವ ಉದ್ದನೆಯ ಬಟ್ಟೆಗಳನ್ನು ಒಗೆದು ಮಡಿಸುವುದು ಮೂವತ್ತು ವರ್ಷದಿಂದ ಡೆಲ್ಫಿಯಾಳ ಕೆಲಸ. ಹಿಂದಿನ ದಿನ, ಶನಿವಾರ, ಬೋಧಕ ಎದ್ದು ಕೇಳುತ್ತಾನೆ: “ಸಭೆಯಲ್ಲಿ ಎಲ್ಲರಿಗೂ ಸಮಾಧಾನವಿದೆಯೇ?” ಎಲ್ಲರೂ ತಲೆಯಾಡಿಸುತ್ತಾರೆ. ಕಳೆದ ತಿಂಗಳು ಡೆಲ್ಫಿಯಾ ಎದ್ದು, “ಇಲ್ಲ” ಅಂದಳು.

ಒಬ್ಬರಿಗೆ ಸಮಾಧಾನವಿಲ್ಲದಿದ್ದರೂ ಯಾರ ಪಾದವನ್ನೂ ತೊಳೆಯುವಂತಿಲ್ಲ. ಸೇವೆ ಒಂದು ತಿಂಗಳು ಮುಂದೆ ಹೋಯಿತು. ಪಕ್ಕದ ಮನೆಯ ಹೆಟ್ಟಿ ಭಾನುವಾರದ ಊಟಕ್ಕೆಂದು ಮಾಡಿದ್ದ ಏಳು ಪದರದ ಸೇಬಿನ ಕೇಕನ್ನು ತಾನೇ ತಿಂದು ಮುಗಿಸಿದಳು. “ನಿನ್ನ ಒಂದು ‘ಇಲ್ಲ’ದಿಂದ ನನ್ನ ಲಂಗದ ಗುಂಡಿ ಹಾಕೋಕಾಗ್ತಿಲ್ಲ ಡೆಲ್ಫಿ. ಈ ಸಲ ಒಂದಿಷ್ಟು ಕರುಣೆ ತೋರ್ಸು” ಅಂತ ಬೇಲಿಯಾಚೆಯಿಂದ ಕೂಗುತ್ತಿದ್ದಳು.

ಇವತ್ತು ಮತ್ತೆ ಆ ಶನಿವಾರ.

ಟಕ್. “ಹತ್ತು.”

“ಡೆಲ್ಫಿಯಕ್ಕ, ಇದೀರಾ?”

ಆರ್ಬಿನ್. ವಾರವೆಲ್ಲ ಶಾಲೆಯ ಬಸ್ಸು ಓಡಿಸುವವನು, ಶನಿವಾರ-ಭಾನುವಾರ ಬೋಧಕ. ಟೋಪಿ ಕೈಯಲ್ಲಿತ್ತು.

“ಕಾಲು ಒರೆಸ್ಕೊಂಡು ಬಾ. ಜೋಳದ ರೊಟ್ಟಿ ಬಿಸಿ ಇದೆ.”

ಅವನು ರೊಟ್ಟಿಯನ್ನು ಮಜ್ಜಿಗೆಗೆ ಮುರಿದು ಹಾಕಿ ಅರ್ಧ ಲೋಟ ಮುಗಿಸಿದ.

“ಅಕ್ಕ, ಇವತ್ತು ಕೇಳ್ತೀನಲ್ಲ, ಏನು ಹೇಳ್ತೀರಿ?”

“ಈಗಲೇ ಹೇಳಿದ್ರೆ ಅಲ್ಲಿ ಕೇಳೋಕೆ ನಿನಗೇನು ಉಳಿಯುತ್ತೆ?”

“ಬಾಯಿಮಾತಿಗೆ ‘ಇದೆ’ ಅಂದ್ಬಿಡಿ. ಒಳಗೆ ಏನಾದ್ರೂ ಇರ್ಲಿ.”

ಡೆಲ್ಫಿಯಾ ಸೌಟು ಕೆಳಗಿಟ್ಟಳು. “ಬಾಯಿಮಾತಿಗೆ ಹೇಳೋದು ನಮ್ಮನೇಲಿ ಬಂದಿದ್ರೆ ಆರ್ವಿಲ್ ಯಾವತ್ತೋ ನೀರಿಗಿಳೀತಿದ್ದ. ಕರೆ ಬಂತು ಅಂತ ಸುಳ್ಳು ಹೇಳಿ ಮುಳುಗೆದ್ದಿದ್ರೆ ನಿನ್ನ ಲೆಕ್ಕದಲ್ಲಿ ಸ್ವರ್ಗ. ನಿಜ ಹೇಳಿ ಕಾಯ್ತಾ ಕೂತಿದ್ದಕ್ಕೆ ಬೆಂಕಿ. ಚೆನ್ನಾಗಿದೆ ನ್ಯಾಯ.”

ಆರ್ಬಿನ್ ಲೋಟದೊಳಗೆ ನೋಡಿದ. ಆಮೇಲೆ ಮೇಜಿನತ್ತ ಕೈ ತೋರಿಸಿ, ಬೋಧಕನ ದನಿಯಲ್ಲಿ, “ನೋಡಿ ಅಕ್ಕ, ಮುಚ್ಚಳ ಕೂರದ ಜಾಡಿ ಕೊನೆಗೆ ಕೆಟ್ಟೇ ಹೋಗುತ್ತಲ್ವಾ...” ಅಂದ.

“ಕೆಡೋಕೆ ಯಾರು ಬಿಡ್ತಾರೆ? ಬೇರೆ ಮುಚ್ಚಳ ಹಾಕಿ ಮತ್ತೆ ಬೇಯಿಸ್ತೀನಿ. ಇಲ್ಲಾಂದ್ರೆ ಮಧ್ಯಾಹ್ನದ ಊಟಕ್ಕೆ ಹಾಕ್ಕೋತೀನಿ. ನಾನು ಬೀನ್ಸನ್ನ ಒಲೆಗೆಸೆದಿದ್ದು ಯಾವತ್ತಾದ್ರೂ ನೋಡಿದೀಯಾ? ಅಡುಗೆಮನೆ ವಿಷಯ ತಗೊಂಡು ನನಗೇ ಬೋಧನೆ ಮಾಡ್ಬೇಡ.”

ಆರ್ಬಿನ್ ನಕ್ಕ, ತಡೆಯಲಾಗಲಿಲ್ಲ. ನಕ್ಕ ಮೇಲೆ ಮುಖ ಸಣ್ಣದಾಯಿತು.

“ನಮ್ಮ ಕ್ಲೈಡ್ ನೆನಪಿದಾನಾ ನಿಮಗೆ?”

ಅವನ ತಮ್ಮ. ಮೂವತ್ತು ವರ್ಷದ ಹಿಂದೆ, ಹತ್ತೊಂಬತ್ತಕ್ಕೇ, ಕಲ್ಲಿದ್ದಲ ಗಣಿಯಲ್ಲಿ ಹೋದವನು.

“ಅವನೂ ನೀರಿಗಿಳಿದಿರಲಿಲ್ಲ ಅಕ್ಕ. ಅವತ್ತು ಗೋರಿ ಅಗೆದವನು ಆರ್ವಿಲ್. ಹಸಿ ಮಣ್ಣು ಅಮ್ಮನ ಕಣ್ಣಿಗೆ ಬೀಳಬಾರದು ಅಂತ ಒಳಗೆಲ್ಲ ಪೈನ್ ಸೊಪ್ಪು ಹೊದಿಸಿದ್ದ. ಯಾರೂ ಹೇಳಿರಲಿಲ್ಲ ಅವನಿಗೆ.” ಲೋಟವನ್ನು ಪಕ್ಕಕ್ಕೆ ಸರಿಸಿದ. “ಬೆಂಕಿ ವಿಷಯ ಬಂದಾಗ್ಲೇ ನನ್ನ ಗಂಟಲು ಜೋರಾಗುತ್ತೆ. ನಮ್ಮಪ್ಪ ಹೇಳಿದ್ದನ್ನೇ ಕೂಗ್ತೀನಿ. ಕೂಗಿದ್ರೆ ಯೋಚನೆ ಮಾಡೋದು ತಪ್ಪುತ್ತೆ ನೋಡಿ.”

ಡೆಲ್ಫಿಯಾ ಅವನ ಎದುರು ಕುರ್ಚಿ ಎಳೆದು ಕೂತಳು. ಮೂರು ತಿಂಗಳಿಂದ ತಾನೊಬ್ಬಳೇ ಹೊತ್ತಿದ್ದೇನೆ ಅಂದುಕೊಂಡಿದ್ದಳು. ಇವನು ಮೂವತ್ತು ವರ್ಷದಿಂದ ಹೊತ್ತಿದ್ದಾನೆ, ಅದೂ ಕೂಗುತ್ತಾ.

“ಆರ್ಬಿನ್, ಆ ಬಾಗಿಲ ಬೀಗದಕೈ ನಿನ್ನ ಹತ್ರ ಇದ್ದಿದ್ರೆ ಕ್ಲೈಡನ್ನ ಹೊರಗೆ ನಿಲ್ಲಿಸ್ತಿದ್ಯಾ?”

“ಎಂಥ ಮಾತು.”

“ಆರ್ವಿಲನ್ನ?”

“ಇಲ್ಲ.”

“ನೀನು ಮೂಗಿನ ತುದೀಲಿ ಕೋಪ ಇರೋನು. ಬಸ್ಸಲ್ಲಿ ಮಕ್ಕಳು ಕೆಮ್ಮಿದ್ರೂ ರೇಗ್ತೀಯ. ನೀನೇ ಒಳಗೆ ಬಿಡ್ತೀಯ ಅಂದ್ರೆ, ದೇವರು ನಿನಗಿಂತ ಕಡೆಯಾ?”

ಒಂದಾದ ಮೇಲೊಂದು ಮೂರು ಜಾಡಿಗಳು ಸದ್ದು ಮಾಡಿದವು. ಹದಿಮೂರು. ಎಣಿಸಿದವರು ಯಾರೂ ಇರಲಿಲ್ಲ.

“ಗೊತ್ತಿಲ್ಲ ಅಕ್ಕ,” ಅಂದ ಆರ್ಬಿನ್, ಬಸ್ಸು ಓಡಿಸುವವನ ಸಾದಾ ದನಿಯಲ್ಲಿ. “ಆರ್ವಿಲ್ ಎಲ್ಲಿದಾನೋ ನನಗೆ ಗೊತ್ತಿಲ್ಲ. ದೇವರು ಒಳ್ಳೆಯವನು ಅಂತ ಗೊತ್ತು. ಅಷ್ಟೇ.”

ಡೆಲ್ಫಿಯಾ ಎದ್ದು ಏಪ್ರನ್ ಬಿಚ್ಚಿದಳು. ಬೋಗುಣಿಗಳನ್ನು ಒಂದರೊಳಗೊಂದು ಕೂರಿಸಿ, ಮಡಿಸಿಟ್ಟ ಬಟ್ಟೆಗಳನ್ನು ಮೇಲಿಟ್ಟಳು.

“ಅದನ್ನೇ ಅಲ್ಲಿ ಹೇಳು. ಇದೇ ದನಿಯಲ್ಲಿ. ಆಮೇಲೆ ನಿನ್ನ ಪ್ರಶ್ನೆ ಕೇಳು, ‘ಇದೆ’ ಅಂತೀನಿ.”

“ಬೋಧಕ ಆದವನು ಎದ್ದು ನಿಂತು ಗೊತ್ತಿಲ್ಲ ಅಂದ್ರೆ, ಜನ ಏನಂದ್ಕೋತಾರೆ?”

“ಕ್ಲೈಡ್ ಥರದವರು ಎಲ್ಲರ ಮನೇಲೂ ಒಬ್ಬೊಬ್ರು ಇದಾರೆ ಕಣೋ. ಕುಣೀತಾರೆ.”

“ನಮ್ಮ ಸಭೇಲಿ ಕುಣಿಯೋ ಹಾಗಿಲ್ಲ.”

“ಕೂತಲ್ಲೇ ಕುಣೀತಾರೆ ಬಿಡು.”

ಅವಳು ಬೋಗುಣಿಗಳನ್ನು ಸೊಂಟಕ್ಕೆ ಒತ್ತಿಕೊಂಡು ಮೆಟ್ಟಿಲಿಳಿದಳು. ಹೆಟ್ಟಿಯ ಮನೆಯಿಂದ ಸೇಬು ಬೇಯುವ ಪರಿಮಳ ಬರುತ್ತಿತ್ತು. ಹಿಂದಿನಿಂದ ಆರ್ಬಿನ್, “ಅಕ್ಕ, ಇನ್ನೊಂದು ಜಾಡಿ ಕೂತಿಲ್ಲ” ಅಂದ.

“ಕೆಲವು ತಡ ಮಾಡ್ತವೆ. ಮುಟ್ಟಬೇಡ.”

“ಅದಲ್ಲ, ಗೊತ್ತಿಲ್ಲ ಅಂತ ಮೊದಲೇ ಹೇಳ್ಲಾ, ಪ್ರಾರ್ಥನೆ ಆದ್ಮೇಲೆ ಹೇಳ್ಲಾ? ಯಾರಾದ್ರೂ ಮತ್ತಾಯನ ಸುವಾರ್ತೆಯ ಬೆಂಕಿ ಮಾತು ತೆಗೆದು ಕೇಳಿದ್ರೆ, ಆಗ ನಾನು...”

ಡೆಲ್ಫಿಯಾ ಆಗಲೇ ತೊರೆಯ ಮೇಲಿನ ಹಲಗೆ ಸೇತುವೆಯ ಮೇಲಿದ್ದಳು.