ಫೋನಕ್ಕ ಬರೆದುಕೊಂಡಿದ್ದ ದೂರು

ದೂರಿನ ಫೋನ್ ಎತ್ತುವುದು ಅವರ ಕೆಲಸವಾದ್ದರಿಂದ ಎಲ್ಲರೂ ಫೋನಕ್ಕ ಎನ್ನುತ್ತಿದ್ದರು. ಮೊದಲು ನೋಡಿದಾಗ ಅವರು ರಿಸೀವರನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡು ಎರಡೇ ಬೆರಳಲ್ಲಿ ಟೈಪ್ ಮಾಡುತ್ತಿದ್ದರು. ಲಿಫ್ಟ್ ರಿಪೇರಿ ಕಂಪನಿಯ ನಾಲ್ಕನೇ ಮಹಡಿ. ನನ್ನ ಮೊದಲ ನೌಕರಿಯ ಮೊದಲ ದಿನ. ಕೈಯಲ್ಲಿ ಸರ್ಟಿಫಿಕೇಟುಗಳ ಫೈಲು, ಬೆನ್ನೆಲ್ಲ ಬೆವರು. ಕೂರಲು ಹೋದೆ.

“ಆ ಕುರ್ಚಿ ಬೇಡಪ್ಪ, ಕೂತೋರನ್ನ ಬೀಳಿಸುತ್ತೆ. ಲಿಫ್ಟಲ್ಲಿ ಬಂದ್ಯಾ?”

“ಇಲ್ಲ ಅಕ್ಕ, ಮೆಟ್ಟಿಲು ಹತ್ತಿ ಬಂದೆ. ಲಿಫ್ಟ್ ಅಂದ್ರೆ ಭಯ.”

“ಹಾಗಾದ್ರೆ ಸರಿಯಾದ ಜಾಗಕ್ಕೇ ಬಂದಿದೀಯ. ನಮ್ಮ ಮೆಕ್ಯಾನಿಕ್ಕೂ ಹತ್ತಲ್ಲ!”

ಅಂದಿನಿಂದ ನಾನು ಅವರಿಗೆ ತಮ್ಮನಾದೆ. ಜನ ಫೋನಿನಲ್ಲಿ ಹೇಳಿದ ದೂರನ್ನು ಫೋನಕ್ಕ ಅವರ ಮಾತಿನಲ್ಲೇ ಕಂಪ್ಯೂಟರಿನಲ್ಲಿ ಬರೆದುಕೊಳ್ಳುತ್ತಿದ್ದರು. ದಿನಕ್ಕೊಂದು ಫೈಲಿನಂತೆ ಹನ್ನೊಂದು ವರ್ಷದ ಫೈಲುಗಳಿದ್ದವು. ಅವುಗಳಲ್ಲಿ ಹುಡುಕುವುದು ನನ್ನ ಕೆಲಸ. ಅದಕ್ಕೆ ಗ್ರೆಪ್ ಎಂಬ ಕಮಾಂಡ್ ಇದೆ. ಕಪ್ಪು ಪರದೆಯಲ್ಲಿ ಒಂದು ಪದ ಕೊಟ್ಟರೆ ಎಲ್ಲ ಫೈಲುಗಳನ್ನೂ ಓದಿ, ಆ ಪದವಿರುವ ಸಾಲುಗಳನ್ನು ಹೆಕ್ಕಿ ತೋರಿಸುತ್ತದೆ.

ಒಂದು ಕಟ್ಟಡದ ಲಿಫ್ಟ್ ಜಾರಿ, ನಿವೃತ್ತ ಮೇಷ್ಟ್ರೊಬ್ಬರ ಕಾಲು ಮುರಿಯಿತು. ಮೊದಲೇ ದೂರು ಕೊಟ್ಟಿದ್ದೆವು ಎಂದರು ಮನೆಯವರು. “ಹೌದು, ಬರ್ಕೊಂಡಿದ್ದೆ, ಮೆಕ್ಯಾನಿಕ್‌ಗೂ ಹೇಳಿದ್ದೆ” ಎಂದರು ಫೋನಕ್ಕ. “ನನಗೆ ಯಾರೂ ಹೇಳಲೇ ಇಲ್ಲ” ಎಂದ ಮೆಕ್ಯಾನಿಕ್. ಮ್ಯಾನೇಜರ್ ನನ್ನನ್ನು ಕರೆದರು. ಕಟ್ಟಡದ ಹೆಸರು ಕೊಟ್ಟು ಹುಡುಕಿದೆ. ಒಂದು ಸಾಲೂ ಬರಲಿಲ್ಲ.

“ಇನ್ನೊಂದ್ಸಲ ನೋಡೋ ತಮ್ಮಾ.”

“ಇದ್ದಿದ್ರೆ ಸಿಕ್ಕೇ ಸಿಗ್ತಿತ್ತು ಅಕ್ಕ. ಇಲ್ಲ.”

ಎಲ್ಲರ ಎದುರಿಗೇ ಹಾಗೆ ಹೇಳಿದೆ. ಆ ವಾರವೇ ಅವರನ್ನು ಕೆಲಸದಿಂದ ತೆಗೆದರು. ನೀರಿನ ಬಾಟಲಿ, ಸ್ವೆಟರ್, ಎರಡು ಪೆನ್ನು ಚೀಲಕ್ಕೆ ತುಂಬಿಕೊಂಡು ಮೆಟ್ಟಿಲಿಳಿದು ಹೋದರು.

ಮೂರು ವಾರದ ಮೇಲೆ ಬೇರೇನನ್ನೋ ಹುಡುಕುವಾಗ ಕಮಾಂಡಿನ ಕೊನೆಯ ತುಂಡನ್ನು ಬರೆಯಲು ಮರೆತೆ. ದೋಷದ ಸಂದೇಶಗಳನ್ನು ತೋರಿಸಬೇಡ ಎಂದು ಹೇಳುವ ತುಂಡು ಅದು. ಪರದೆ ಚೊಕ್ಕಟವಾಗಿರಲೆಂದು ಸದಾ ಸೇರಿಸುತ್ತಿದ್ದೆ. ಈ ಸಲ ಒಂದು ಸಾಲು ಮೂಡಿತು: ಈ ಫೋಲ್ಡರನ್ನು ಓದಲು ಅನುಮತಿಯಿಲ್ಲ. ಅಪಘಾತಕ್ಕೆ ಒಂದು ವಾರ ಮೊದಲು ಫೋನಕ್ಕನ ಹಳೆಯ ಕಂಪ್ಯೂಟರ್ ಬದಲಾಯಿಸಿದಾಗ ಅದರಿಂದ ನಾನೇ ತಂದಿಟ್ಟ ಫೋಲ್ಡರ್. ಅನುಮತಿ ಪಡೆದು ಮೇಷ್ಟ್ರ ಕಟ್ಟಡದ ಹೆಸರು ಕೊಟ್ಟು ಮತ್ತೆ ಹುಡುಕಿದೆ. ಅಪಘಾತಕ್ಕೆ ಹದಿನೆಂಟು ದಿನ ಮೊದಲಿನ ದೂರು ಅಲ್ಲಿತ್ತು: ‘ಇಳಿಯುವಾಗ ಜಗ್ಗುತ್ತದೆ, ಅಪ್ಪನಿಗೆ ಭಯ.’ ಪಕ್ಕದಲ್ಲೇ ಫೋನಕ್ಕನ ಟಿಪ್ಪಣಿ: ‘ಮೆಕ್ಯಾನಿಕ್‌ಗೆ ತಿಳಿಸಿದೆ.’

ಆ ಫೋಲ್ಡರನ್ನು ಓದಲಾಗಲಿಲ್ಲ ಎಂದು ಯಂತ್ರ ಅಂದೂ ಹೇಳಹೊರಟಿತ್ತು. ನಾನೇ ಅದರ ಬಾಯಿ ಮುಚ್ಚಿಸಿದ್ದೆ.

ಮ್ಯಾನೇಜರಿಗೆ ಹೇಳಲು ನಾಲ್ಕು ದಿನ ಬೇಕಾಯಿತು. ನಮ್ಮ ಮನೆಯಲ್ಲಿ ಸಂಬಳ ಕಂಡ ಮೊದಲಿಗ ನಾನು. ಅದು ಹೋದೀತೆಂಬ ಅಂಜಿಕೆ. ಆ ನಾಲ್ಕು ದಿನಕ್ಕೆ ಯಾವ ಕಮಾಂಡಿನ ನೆಪವೂ ಇಲ್ಲ. ಕಂಪನಿ ಫೋನಕ್ಕನನ್ನು ಮರಳಿ ಕರೆಯಿತು. ದೂರಿನ ಪ್ರಿಂಟ್ ಹಿಡಿದು ಕ್ಷಮೆ ಕೇಳಲು ನಾನೇ ಅವರ ಮನೆಗೆ ಹೋದೆ. ಬಾಗಿಲಲ್ಲೇ ನಿಂತು ಓದಿದರು.

“ಇದನ್ನ ಆ ಮೇಷ್ಟ್ರ ಮನೆಗೂ ಕೊಟ್ಯಾ?”

“ಕೊಟ್ಟೆ ಅಕ್ಕ.”

“ಸರಿ. ನಾನು ಬರಲ್ಲ ಅಂತ ನಿಮ್ಮ ಮ್ಯಾನೇಜರ್‌ಗೆ ಹೇಳು.”

ತಮ್ಮಾ ಎನ್ನಲಿಲ್ಲ.

ಈಗ ಅವರು ಬಸ್ ನಿಲ್ದಾಣದ ವಿಚಾರಣೆ ಕಿಟಕಿಯಲ್ಲಿ ಕೂತು, ಬಂದವರಿಗೆ ಬಸ್ಸಿನ ಸಮಯ ಹೇಳುತ್ತಾರೆ.