ಸಂಗಮದಲ್ಲಿ ಕಳೆದ ಕಾರಿನ ಕೀ

ನನ್ನ ಕಾರಿಗೆ ಇನ್ನೊಂದು ರಿಮೋಟು ಹೊಂದಿಸಿಕೊಂಡದ್ದು ಒಂದು ಭಾನುವಾರ ಬೆಳಿಗ್ಗೆ, ನಂಜನಗೂಡಿನ ನಮ್ಮ ಮನೆಯ ಮುಂದೆ. ಅವ್ವ ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಆ ಕೆಲಸಕ್ಕೆ ಕೈ ಹಾಕದೆ ಇದ್ದಿದ್ದರೆ ಇವತ್ತಿಗೂ ನಾನು ನೆಮ್ಮದಿಯಾಗಿ ಮೋಸ ಹೋಗುತ್ತಲೇ ಇರುತ್ತಿದ್ದೆ.

ಕಾರು ಸೆಕೆಂಡ್ ಹ್ಯಾಂಡು. ಮೊದಲಿನ ಮಾಲೀಕರು ಅದಕ್ಕೆ ಸೆಂಟ್ರಲ್ ಲಾಕೂ ಕಳ್ಳರ ಕಾಟಕ್ಕೆ ಅಲಾರಮ್ಮೂ ಹಾಕಿಸಿದ್ದರು. ಎರಡು ಕೀ, ಎರಡಕ್ಕೂ ಒಂದೊಂದು ಕರಿ ರಿಮೋಟು. ನಾನು ಟಿ. ನರಸೀಪುರದ ಕಾಲೇಜೊಂದರ ಆಫೀಸಿನಲ್ಲಿ ಗುಮಾಸ್ತೆ, ದಿನಾ ಬಸ್ಸಿನಲ್ಲೇ ಹೋಗಿ ಬರುವವಳು. ಮದುವೆಯಾಗಲಿಲ್ಲ. ಮನೆಯಲ್ಲಿ ಅವ್ವ ಮತ್ತು ನಾನು. ಕಾರು ತೆಗೆದುಕೊಂಡದ್ದೇ ಅವ್ವನ ಮಂಡಿನೋವಿಗೆ, ಆಸ್ಪತ್ರೆಗೆ, ಅಮಾವಾಸ್ಯೆಯ ಸ್ನಾನಕ್ಕೆ. ನಾನಿಲ್ಲದ ಹೊತ್ತಲ್ಲಿ ಅವಳಿಗೆ ಹೆಚ್ಚುಕಮ್ಮಿಯಾದರೆ ಎದುರುಮನೆಯವರಾದರೂ ಕರೆದುಕೊಂಡು ಹೋಗಲಿ ಎಂದು ಒಂದು ಕೀಯನ್ನು ಅವಳ ಕೈಗೇ ಕೊಟ್ಟಿದ್ದೆ. ಅದು ಸದಾ ಅವಳ ಸೆರಗಿನ ಗಂಟಿನಲ್ಲಿರುತ್ತಿತ್ತು, ಬೀರುವಿನ ಬೀಗದ ಕೈ ಜೊತೆಗೆ.

ನನಗೊಬ್ಬ ತಮ್ಮ. ದೇವನೂರಿನ ಕಡೆ ನಮ್ಮೂರಿನಲ್ಲಿ ಹೊಲ, ಹಸು ನೋಡಿಕೊಂಡು ಹೆಂಡತಿಯ ಜೊತೆ ಇದ್ದಾನೆ. ಕಾರು ಬಂದ ಹೊಸದರಲ್ಲಿ ಯಾರದೋ ಮದುವೆಗೆಂದು ಕೇಳಿ ತೆಗೆದುಕೊಂಡು ಹೋದ. ಬಾಗಿಲ ಉದ್ದಕ್ಕೂ ಗೀರು ಎಳೆಸಿಕೊಂಡು ಬಂದು, ಏನೂ ಆಗಿಲ್ಲದವನ ಹಾಗೆ ಕಾಫಿ ಕೇಳಿದ. ನನ್ನ ಬಾಯಿ ಜೋರು ಎಂದು ಇಡೀ ಬೀದಿಗೆ ಗೊತ್ತು. "ಇನ್ಮೇಲೆ ಕಾರು ಮುಟ್ಟುದ್ರೆ ನೋಡು" ಅಂದೆ. ಅವನೂ ಮತ್ತೆ ಕೇಳಲಿಲ್ಲ. ಬುದ್ಧಿ ಬಂತು ಅಂದುಕೊಂಡೆ.

ಆಮೇಲೊಂದು ಅಮಾವಾಸ್ಯೆಗೆ ಅವ್ವನನ್ನು ನರಸೀಪುರದ ಸಂಗಮಕ್ಕೆ ಕರೆದುಕೊಂಡು ಹೋದೆ. ಕಾರಿನ ನನ್ನ ಕೀ ನನ್ನ ಪರ್ಸಿನಲ್ಲಿತ್ತು. ಅವ್ವ ನನ್ನ ಕೈ ಹಿಡಿದು ನೀರಿಗಿಳಿದು ಮೂರು ಮುಳುಗು ಹಾಕಿದಳು. ಎದ್ದವಳೇ ಸೆರಗು ತಡವಿಕೊಂಡು, "ಅಯ್ಯೋ, ಕಾರಿನ್ ಕೀ ಓಗ್ಬುಡ್ತು ಕಣವ್ವ!" ಅಂದಳು. ಬೀರುವಿನದು ಗಂಟಿನಲ್ಲೇ ಇತ್ತು, ಕಾರಿನದು ಮಾತ್ರ ಇರಲಿಲ್ಲ. ಸೊಂಟದುದ್ದ ನೀರಿನಲ್ಲಿ ನಿಂತು ಅವಳು ಅತ್ತಳು. ನಾನು ಬಗ್ಗಿ ಕಾಲಡಿಯ ಮರಳಿನಲ್ಲೆಲ್ಲ ಕೈಯಾಡಿಸಿದೆ. "ಉಡುಕ್ಬ್ಯಾಡ ಬುಡವ್ವ, ಗಂಗಮ್ಮ ತಕ್ಕೊಂಡಿದ್ದ ವಾಪಸ್ ಕೇಳ್ಬಾರ್ದು" ಅಂದಳು. ನಮ್ಮ ಕಡೆ ಅದು ಇದ್ದದ್ದೇ. ಮೂಗುಬೊಟ್ಟೇ ಬಿದ್ದರೂ ಗಂಗಮ್ಮನ ಪಾಲು ಅಂದುಕೊಂಡು, ಎಲೆ ಅಡಿಕೆ, ಬಾಳೆಹಣ್ಣು ಬಿಟ್ಟು ಕೈಮುಗಿದು ಬರುತ್ತಾರೆ. ನಾನೂ ದಡದ ಅಂಗಡಿಯಿಂದ ಎಲೆ ಅಡಿಕೆ ತಂದೆ. ಅವ್ವ ಅದನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣುಮುಚ್ಚಿಕೊಂಡು ನೀರಿಗೆ ಬಿಟ್ಟಳು. ದಾರಿಯುದ್ದಕ್ಕೂ ಅವಳನ್ನು ಸಮಾಧಾನ ಮಾಡಿದ್ದೂ ನಾನೇ.

ಮುಂದಿನ ತಿಂಗಳುಗಳಲ್ಲಿ ಒಂದೆರಡು ಸಂಗತಿ ಕಣ್ಣಿಗೆ ಬಿದ್ದವು. ಹಾಕಿಸಿದ ಪೆಟ್ರೋಲು ನಿಲ್ಲುತ್ತಿರಲಿಲ್ಲ. ಹಳೇ ಗಾಡಿ, ಕುಡಿಯುತ್ತದೆ ಅಂದುಕೊಂಡೆ. ಒಂದು ದಿನ ಡ್ರೈವರ್ ಸೀಟು ಹಿಂದಕ್ಕೆ ಸರಿದಿತ್ತು, ನನ್ನ ಕಾಲು ಬ್ರೇಕಿಗೆ ಎಟುಕಲಿಲ್ಲ. "ಕಸ ಗುಡುಸ್ವಾಗ ನಾನೇ ತಳ್ಳುದ್ನೇನೋ" ಅಂದಳು ಅವ್ವ. ಮಂಡಿನೋವಿನವಳು ಕಾರಿನೊಳಗೆ ಬಗ್ಗಿ ಗುಡಿಸಿದಳಲ್ಲ ಎಂದು ನನಗೆ ಕರುಳು ಚುರ್ ಅಂದಿತ್ತು. ಕಾರಿಗೆ ಬೀಗ ಹಾಕಿದ್ದಾಗ ಅವಳು ಒಳಗೆ ಹೋದದ್ದಾದರೂ ಹೇಗೆ ಎಂದು ಕೇಳಲಿಲ್ಲ. ಆಫೀಸಿನಲ್ಲಿ ಹುಡುಗರ ರಜೆ ಚೀಟಿಯನ್ನು ಎರಡೆರಡು ಸಲ ಓದಿ ಸುಳ್ಳು ಹಿಡಿಯುವವಳು ನಾನು.

ಕೊನೆಗೆ, ಒಂದೇ ಕೀಯಲ್ಲಿ ಎಷ್ಟು ದಿನ ಎಂದು ಪಾರ್ಸಲ್ಲಿನಲ್ಲಿ ಹೊಸ ರಿಮೋಟು ತರಿಸಿದೆ. ಬಸ್ ಸ್ಟ್ಯಾಂಡಿನ ಹತ್ತಿರ ಕೀ ಮಾಡುವವರು ನನ್ನ ಕೀ ನೋಡಿಕೊಂಡು ಅಂಥದೇ ಇನ್ನೊಂದು ಕೊರೆದುಕೊಟ್ಟರು. "ರಿಮೋಟ್ ಸೆಟ್ಟಿಂಗ್ ಮನೇಲಾಗಲ್ಲ ಮೇಡಂ, ಮೈಸೂರಿಗೇ ಓಗ್ಬೇಕು" ಅಂದರು. ಆಗಲ್ಲ ಎಂದು ಯಾರಾದರೂ ಅಂದರೆ ನನಗೆ ಹಟ ಹತ್ತುತ್ತದೆ. ಭಾನುವಾರ ಫೋನನ್ನು ಸ್ಟಿಯರಿಂಗಿಗೆ ಒರಗಿಸಿಟ್ಟು ವಿಡಿಯೋ ಹಾಕಿಕೊಂಡೆ. ನಾಲ್ಕೂ ಬಾಗಿಲು ಮುಚ್ಚಬೇಕು. ಕೀಯನ್ನು ಮೂರು ಸಲ ಆನ್ ಆಫ್ ಮಾಡಿ, ಸ್ಟಿಯರಿಂಗಿನ ಕೆಳಗೆ ಅಡಗಿರುವ ಸಣ್ಣ ಗುಂಡಿಯನ್ನು ಒತ್ತಿ ಹಿಡಿಯಬೇಕು. ಕಾರು ಕುಂಯ್ ಅಂದಕೂಡಲೇ ಒಂದಾದ ಮೇಲೊಂದರಂತೆ ರಿಮೋಟುಗಳನ್ನು ಒತ್ತಬೇಕು. ಎರಡು ಸಲ ಕೈಕೊಟ್ಟಿತು. ಮೂರನೇ ಸಲ ಕುಂಯ್ ಅಂದಾಗ ನಾನು ಸೀಟಿನಲ್ಲೇ ಕುಣಿದುಬಿಟ್ಟೆ. ಹೊಸದನ್ನು ಒತ್ತಿದೆ, ನನ್ನ ಹಳೆಯದನ್ನೂ ಒತ್ತಿದೆ. ಎರಡಕ್ಕೂ ಕಾರು ಓಗೊಟ್ಟಿತು.

"ನಂದ್ಯಾಕೆ ಒತ್ತುದ್ನೋ ಗೊತ್ತೇನವ್ವ?" ಎಂದು ಜಗಲಿಯತ್ತ ಕೂಗಿದೆ. "ಈಗ ಒತ್ತಿದ್ದು ಮಾತ್ರ ನೆನಪಿಟ್ಕೊಳ್ಳುತ್ತಂತೆ. ಒತ್ತದೆ ಇರೋದನ್ನ ಮರ್ತೇ ಬಿಡುತ್ತಂತೆ."

ಅವ್ವನ ಕೈ ನಿಂತಿತು. "ಅಂಗಾರೆ ಆ ಅಳೇದು?"

"ಅದು ಹೊಳೆಯೊಳಗಿದೆಯಲ್ಲ. ಇನ್ಮೇಲೆ ಮೀನು ಒತ್ತುದ್ರೂ ಬಾಗ್ಲು ತೆಗೆಯಲ್ಲ."

ಅವಳು ನಗಲಿಲ್ಲ. "ಪೂರ್ತಿ ಕೆಟ್ಟೋಯ್ತದಾ? ಕೀ ಆಕುದ್ರೂ ತೆಗಿಯಕಿಲ್ವಾ?"

"ಕೀ ತಿರುಗ್ಸಿದ್ರೆ ಬಾಗ್ಲು ತೆಗೆಯುತ್ತೆ. ಬಟನ್ ಮಾತ್ರ ಸತ್ತೋಯ್ತು." ಹಾಗೆ ತೆಗೆದರೆ ಅಲಾರಂ ಹೊಡೆದುಕೊಳ್ಳುತ್ತದೆ ಎಂದು ನಾನು ಹೇಳಲಿಲ್ಲ. ಹೊಳೆಗೆ ಬಿದ್ದ ಕೀ ವಿಚಾರಕ್ಕೆ ಅಷ್ಟೆಲ್ಲ ಯಾಕೆ? ಅವಳು ಅವರೆಕಾಯಿಯನ್ನು ಅರ್ಧಕ್ಕೆ ಬಿಟ್ಟು ಫೋನು ತೆಗೆದುಕೊಂಡು ಒಳಗೆ ಹೋದಳು. ಹೊಸ ಕೀಯೂ ಕಳೆದುಹೋದೀತೆಂದು ನಾನು ಎರಡನ್ನೂ ನನ್ನ ಪರ್ಸಿಗೇ ಹಾಕಿಕೊಂಡೆ.

ಬುಧವಾರ ಕಾಲೇಜಿಗೆ ಹೋದರೆ, ಹಿಂದೆ ಅಲ್ಲಿ ಕೆಲಸದಲ್ಲಿದ್ದ ಮೇಷ್ಟ್ರೊಬ್ಬರು ತೀರಿಕೊಂಡರೆಂದು ರಜೆ ಕೊಟ್ಟರು. ಬಂದ ಬಸ್ಸಿನಲ್ಲೇ ವಾಪಸಾದೆ. ನಮ್ಮ ಬೀದಿಗೆ ತಿರುಗುವಾಗಲೇ ಅಲಾರಂ ಕೇಳಿಸಿತು. ನನ್ನದೇ ಕಾರಿನದು. ಕಳ್ಳ ಎಂದುಕೊಂಡು ಚಪ್ಪಲಿ ಕೈಗೆತ್ತಿಕೊಂಡು ಓಡಿದೆ. ಬಾಗಿಲು ತೆರೆದಿತ್ತು. ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟ ನನ್ನ ತಮ್ಮ ಡ್ರೈವರ್ ಸೀಟಿನಲ್ಲಿ ಕೂತು ರಿಮೋಟನ್ನು ಒಂದೇ ಸಮ ಅದುಮುತ್ತಿದ್ದ. ಬೀದಿಯವರೆಲ್ಲ ಬಾಗಿಲಿಗೆ ಬಂದಿದ್ದರು.

ನನ್ನ ರಿಮೋಟು ಒತ್ತಿ ಸದ್ದು ನಿಲ್ಲಿಸಿದೆ. ಅವನ ಕೈಯಲ್ಲಿದ್ದದ್ದು ಸಂಗಮದಲ್ಲಿ ಹೋದ ಕೀ. ಅದಕ್ಕೆ ನಾನೇ ಕಟ್ಟಿದ್ದ ಕೆಂಪು ದಾರ ಇನ್ನೂ ಹಾಗೇ ಇತ್ತು.

"ಎಲ್ಲಿಂದ ಕದ್ದೆ ಇದನ್ನ?" ಅಂದೆ.

"ನಾನ್ಯಾಕ್ ಕದೀಲಿ ಅಕ್ಕ! ಅವ್ವ ಕೊಟ್ಟಿದ್ದು. ಬಟನ್ ಸತ್ತೋಗದೆ, ಕೀ ತಿರುಗ್ಸಿ ತೆಗಿ ಅಂತ ಭಾನುವಾರ ಅವ್ವನೇ ಫೋನ್ ಮಾಡಿದ್ಲು. ಇಂಗ್ ಬಡ್ಕೊತದೆ ಅಂತ ನಂಗೇನ್ ಗೊತ್ತು?"

"ಅವ್ವ ಯಾವಾಗ ಕೊಟ್ಲು?"

"ನೀವು ಸಂಗಮುಕ್ಕೆ ಓದ್ರಲ್ಲ, ಅದುಕ್ಕೆ ಮುಂಚೆ."

ಮುಂಚೆ. ಹಾಗಾದರೆ ಅವ್ವ ನೀರಿಗೆ ಇಳಿದದ್ದೇ ಆ ಕೀ ಇಲ್ಲದ ಗಂಟು ಕಟ್ಟಿಕೊಂಡು. ನಾನು ಮರಳು ಕೆದಕುವುದನ್ನು ನೋಡುತ್ತಾ ನಿಂತಿದ್ದಳು. ತಮ್ಮನ ಮೇಲೆ ಕಾದಿದ್ದ ನನ್ನ ಸಿಟ್ಟು ಅಲ್ಲೇ ತಣ್ಣಗಾಯಿತು. ಅವನ ಮೇಲೆ ಸಿಟ್ಟು ಮಾಡಿಕೊಳ್ಳುವುದು ಸುಲಭವಿತ್ತು, ಅಭ್ಯಾಸವೂ ಇತ್ತು. ಎದುರುಮನೆಯಾಕೆ, "ವಾರದಲ್ಲಿ ಎರಡ್ ಮೂರ್ ದಿನ ತಗೊಂಡು ಓಯ್ತಿದ್ರಲ್ಲ, ನಿಮ್ಗೆ ಗೊತ್ತಿಲ್ವಾ?" ಅಂದರು. ಅವನು ಕೀಯನ್ನು ಜಗಲಿಯ ಮೇಲೆ ಇಟ್ಟು ಬೈಕ್ ಹತ್ತಿ ಹೋದ.

ಅವ್ವ ಅಡುಗೆಮನೆಯಲ್ಲಿದ್ದಳು. ಅಷ್ಟು ಗಲಾಟೆಗೂ ಹೊರಗೆ ಬಂದಿರಲಿಲ್ಲ. ಕೀಯನ್ನು ಅವಳ ಮುಂದೆ ಇಟ್ಟೆ.

"ಗಂಗಮ್ಮ ವಾಪಸ್ ಕೊಟ್ಲು, ತಗೊ" ಅಂದೆ.

ಅವಳು ಒಲೆ ಆರಿಸಿದಳು. ಆಮೇಲೆ ಅಂದಳು, "ಅವ್ನು ಬೀಗ್ರು ಮನೇಗೆ ಆ ಅಳೇ ಬೈಕಲ್ಲಿ ಓದ್ರೆ ಯಾರವ್ವ ಬೆಲೆ ಕೊಟ್ಟಾರು? ಅವ್ನ ಸಡ್ಕಂಗೆ ಕಾರ್ ಅದೆ. ಅದ್ಕೆ, ಇದು ನನ್ ಮಗಂದೇ ಅಂತ ಅವ್ರ್ಗೆಲ್ಲ ನಾನೇ ಅಂದಿದ್ದೆ."

"ನಾನು ತಗೊಂಡ ಕಾರನ್ನ?"

"ನಿಂಗೆ ಎಸ್ರು ಕಟ್ಕೊಂಡು ಏನಾಗ್ಬೇಕು? ಅವ್ನು ನಾಕ್ ಜನದ ಮುಂದೆ ಓಡಾಡೋನು."

"ಕೇಳ್ಬೌದಿತ್ತಲ್ಲವ್ವ."

"ಕೇಳುದ್ರೆ ಕೊಡ್ತಿದ್ಯಾ?"

ಅವನು ಕೇಳಿದ್ದರೆ ಕೊಡುತ್ತಿರಲಿಲ್ಲ. ಅವಳು ಕೇಳಿದ್ದರೆ ಬೈದುಕೊಂಡಾದರೂ ಕೊಡುತ್ತಿದ್ದೆ. ಅವಳು ಕೇಳಿದ ಯಾವುದನ್ನು ನಾನು ಇಲ್ಲ ಅಂದಿದ್ದೇನೆ? ಇದನ್ನು ಬಾಯಿಬಿಟ್ಟು ಹೇಳಬೇಕೆಂದು ನಿಂತಿದ್ದಾಗಲೇ ಅವಳು ಕೀಯನ್ನು ನನ್ನತ್ತ ತಳ್ಳಿ, "ಇದ್ನೂ ಅದ್ರ ಜೊತೆ ಸೇರುಸ್ಬುಡವ್ವ, ಎಲ್ಡು ನಿಮುಷದ ಕೆಲ್ಸ ಅಲ್ವಾ" ಅಂದಳು. ನಾನು ಸೇರಿಸಲಿಲ್ಲ. ಆ ರಾತ್ರಿ ಊಟವನ್ನೂ ಮಾಡಲಿಲ್ಲ. ಒಂದು ವಾರ ನಮ್ಮ ಮನೆಯಲ್ಲಿ ಟಿವಿಯದೇ ಮಾತು.

ಆದರೂ ಮಂಡಿಗೆ ಇಂಜೆಕ್ಷನ್ ಕೊಡಿಸುವ ದಿನ ಬಂದಾಗ ರಜೆ ಹಾಕಿ ನಾನೇ ಕರೆದುಕೊಂಡು ಹೋದೆ. ಆಸ್ಪತ್ರೆಯ ಬಾಗಿಲಿಗೇ ಕಾರು ತಂದು ಅವಳನ್ನು ತೋಳು ಹಿಡಿದು ಮುಂದಿನ ಸೀಟಿಗೆ ಹತ್ತಿಸಿದೆ. ಅಷ್ಟರಲ್ಲಿ ತಮ್ಮನ ಹೆಂಡತಿಯ ಊರಿನ ಹೆಂಗಸೊಬ್ಬರು ಎದುರಾದರು. ಕಾರನ್ನು ಮೇಲಿಂದ ಕೆಳಗೆ ನೋಡಿ, "ಓ, ಮಗನ್ ಕಾರಲ್ಲಿ ಬಂದ್ರಾ?" ಅಂದರು.

ನಾನು ಬಾಗಿಲು ಹಿಡಿದುಕೊಂಡು ನಿಂತಿದ್ದೆ. ಅವ್ವ ಒಂದು ಸಲ ನನ್ನ ಮುಖ ನೋಡಿದಳು. ಈಗ ಹೇಳುತ್ತಾಳೆ ಎಂದುಕೊಂಡೆ. ದೇವರಾಣೆಗೂ ಹಾಗಂದುಕೊಂಡೆ.

"ಊಂ ಕಣವ್ವ, ಮಗಂದೇ" ಅಂದಳು.

ಆಕೆ ಹೋದ ಮೇಲೆ ಅವ್ವ ಸೀಟ್ ಬೆಲ್ಟನ್ನು ಎಳೆದೆಳೆದು ನೋಡಿದಳು. ಕೊಂಡಿ ಕೂರಲಿಲ್ಲ. "ವಸಿ ಇದ ಆಕವ್ವ" ಅಂದಳು.

ನಾನು ಬಗ್ಗಿ ಹಾಕಿದೆ.