ಬಸವಣ್ಣನ ಅಡಿಯ ಹಲಗೆ

ಕಳೆದ ತಿಂಗಳು ತಾಳಿಕೋಟೆಗೆ ಹೊರಟ ಬಸ್ಸಿನ ಗಾಲಿ ದಾರಿಯಲ್ಲಿ ಪಂಕ್ಚರ್ ಆಯಿತು. ನಾವೆಲ್ಲ ಇಳಿದು ಬೇವಿನ ಮರದಡಿ ನಿಂತೆವು. ಚಾಲಕನು ಜಾಕನ್ನು ಅಚ್ಚಿನಡಿ ಇಟ್ಟು ಹಿಡಿಕೆಯನ್ನು ಮೇಲೆ ಕೆಳಗೆ ಆಡಿಸತೊಡಗಿದಾಗ, ಅದರಿಂದ ಜಿನುಗಿದ ಎಣ್ಣೆಯ ಕಮಟು ವಾಸನೆ ನನ್ನವರೆಗೂ ಬಂತು. ಮೂವತ್ತು ವರ್ಷಗಳ ಹಿಂದಿನ ಒಂದು ಬೆಳಗು ಕಣ್ಣೆದುರು ನಿಂತಿತು... ಜೊತೆಗೆ ನಮ್ಮ ಹೈಸ್ಕೂಲಿನ ವಿಜ್ಞಾನದ ಮಾಸ್ತರರು.

ಬಸವನ ಬಾಗೇವಾಡಿ ತಾಲ್ಲೂಕಿನ ನಮ್ಮೂರ ಶಾಲೆಯಲ್ಲಿ ನಾನು ಕನ್ನಡ, ಸಂಸ್ಕೃತ ಬೋಧಿಸುತ್ತಿದ್ದೆ. ಅವರು ಸಿಂದಗಿಯ ಕಡೆಯವರು, ನನಗಿಂತ ಹತ್ತು ವರ್ಷ ಕಿರಿಯರು. ಮಡದಿಯನ್ನು ಕಳೆದುಕೊಂಡು ನಮ್ಮ ಪಕ್ಕದ ಖೋಲಿಯಲ್ಲಿ ಒಬ್ಬರೇ ಇದ್ದರು. ಸಂಜೆ ಮನಸ್ಸು ಬಿಚ್ಚಿ ಮಾತನಾಡಲು ಊರಿನಲ್ಲಿ ಅವರಿಗಿದ್ದವನು ನಾನೊಬ್ಬನೇ.

ಊರ ಮುಂದಿನ ಬಯಲಲ್ಲಿ ಕಲ್ಲಿನ ಬಸವಣ್ಣನ, ಅಂದರೆ ನಂದಿಯ, ಮೂರ್ತಿಯಿತ್ತು. ಎರೆಮಣ್ಣು ವರ್ಷವರ್ಷವೂ ಉಬ್ಬಿ ಕುಗ್ಗಿ, ಪೀಠದ ಒಂದು ಮಗ್ಗುಲು ಕುಸಿದು ಮೂರ್ತಿ ವಾಲಿತ್ತು. ಕುಸಿದ ಕಡೆಯನ್ನು ಲಾರಿಯ ಜಾಕಿನಿಂದ ಎತ್ತಿ, ಅಡಿಯಲ್ಲಿ ಕಲ್ಲು ಕೊಡಬಹುದೆಂದು ಮಾಸ್ತರರು ಸೂಚಿಸಿದರು. ದೇವರ ಪೀಠಕ್ಕೆ ಕಬ್ಬಿಣ ತಾಗಿಸಲು ಹಿರಿಯರು ಒಪ್ಪಲಿಲ್ಲ. ಬಹಳ ಹೇಳಿದ ಮೇಲೆ ಗೌಡರು, ಒಂದೇ ಸಲ ನೋಡಿರಿ, ತಪ್ಪಿದರೆ ಮತ್ತೆ ಈ ಮಾತೆತ್ತಬೇಡಿರಿ ಎಂದು ಅನುಮತಿಯಿತ್ತರು.

ಎತ್ತುವ ದಿನದ ಹಿಂದಿನ ಸಂಜೆ ಮಾಸ್ತರರು ನಮ್ಮ ಕಟ್ಟೆಯ ಮೇಲೆ ಸೀಮೆಸುಣ್ಣದಿಂದ ಲೆಕ್ಕ ಬರೆದರು. ಮೂರ್ತಿಯ ತೂಕ ಸುಮಾರು ಎರಡು ಟನ್ನು. ಒಂದು ಮಗ್ಗುಲನ್ನು ಎತ್ತಲು ಅದರ ಅರ್ಧ, ಸಾವಿರ ಕಿಲೋ. ಜಾಕಿನೊಳಗಿನ ಸಣ್ಣ ಕೊಳವೆಗಿಂತ ದೊಡ್ಡ ಕೊಳವೆ ಐದು ಪಟ್ಟು ಅಗಲ. ಆದ್ದರಿಂದ ಬಾಯಿಯ ವಿಸ್ತೀರ್ಣ ಇಪ್ಪತ್ತೈದು ಪಟ್ಟು.

"ಎಣ್ಣಿ ಒತ್ತಡಾ ತನ್ನ ಹಂತ್ಯಾಕ ಇಟ್ಕೊಳ್ಳೂದಿಲ್ರಿ ಪಂಡಿತರ. ಸಣ್ಣ ಕೊಳವ್ಯಾಗ ಒಂದಿಂಚು ಜಾಗಾಕ್ಕ ಎಷ್ಟು ಒತ್ತತೇವೋ, ದೊಡ್ಡದರಾಗ ಇಂಚಿಂಚಿಗೂ ಅಷ್ಟ ಮುಟ್ಟಸ್ತೈತಿ. ಸಾವಿರ ಎತ್ತಾಕ ನಲವತ್ತು ಸಾಕು. ಹಿಡಿಕಿ ಉದ್ದ ಐತಿ, ಅದು ಮತ್ತ ಹತ್ತು ಪಟ್ಟು ಉಳಸ್ತೈತಿ. ಕೈಗೆ ಬೀಳೂದು ನಾಕ ಕಿಲೋ."

"ನಾಕ ಕಿಲೋಕ್ಕ ಬಸವಣ್ಣ ಏಳ್ತಾನಂದ್ರ, ನಿಮ್ಮ ಎಣ್ಣಿಗೂ ಭಕ್ತಿ ಐತಿ ಅನ್ರಿ," ಎಂದೆ.

ಅವರು ಮನಸಾರೆ ನಕ್ಕರು. ಬಳಿಕ, ಮೇಲಕ್ಕೆ ಎತ್ತುವಷ್ಟೇ ಬಲ ಜಾಕಿನ ಕೆಳಗಿನ ನೆಲವನ್ನೂ ಒತ್ತುವುದೆಂದು ಏನೋ ಹೇಳತೊಡಗಿದರು. ಪೂಜೆಯ ಹೊತ್ತಾಯಿತೆಂದು ನಾನು ಎದ್ದುಬಿಟ್ಟೆ...

ಮರುದಿನ ಸೂರ್ಯೋದಯಕ್ಕೆ ಸ್ನಾನ ಮುಗಿಸಿ, ಎಲ್ಲರಿಗಿಂತ ಮೊದಲು ಬಯಲಿಗೆ ಹೋದೆ. ಪೀಠದಡಿ ತೋಡಿದ ಗುಂಡಿಯಲ್ಲಿ ಮಾಸ್ತರರು ರಾತ್ರಿಯೇ ಒಂದು ಅಗಲವಾದ ಹಲಗೆ ಹಾಸಿ, ಅದರ ಮೇಲೆ ಜಾಕನ್ನು ಅಣಿಗೊಳಿಸಿ ಹೋಗಿದ್ದರು. ಹಲಗೆ ಹಳೆಯ ಚಕ್ಕಡಿ ಗಾಡಿಯದು. ಚಪ್ಪಲಿಗಾಲುಗಳು ತುಳಿದು ಸವೆದದ್ದು. ಅಂಥದನ್ನು ದೇವರ ಅಡಿಗೆ ಇಡುವುದೆಂತು? ನಾನು ಅದನ್ನು ಎಳೆದು ಬೇಲಿಯಾಚೆ ಇಟ್ಟೆ. ಶುದ್ಧಿಗೆಂದು ಗುಂಡಿಗೆ ನಾಲ್ಕು ಕೊಡ ಬಾವಿಯ ನೀರು ಸುರಿದೆ. ಜಾಕನ್ನು ಬರಿಯ ನೆಲದ ಮೇಲಿರಿಸಿ, ವಿಭೂತಿ ಹಚ್ಚಿ, ಬುಡ ಕಾಣದಂತೆ ಸುತ್ತಲೂ ಹೂವೇರಿಸಿದೆ. ಶ್ರದ್ಧೆಯಿಂದಲೇ ಮಾಡಿದೆ.

ಜನ ಸೇರಿದರು. ಕಾಯಿ ಒಡೆಯಿತು. ಮಾಸ್ತರರು ಜಾಕಿಗೆ ಕೈಮುಗಿದು ಹಿಡಿಕೆ ಆಡಿಸಿದರು. ಜಾಕಿನ ತಲೆ ಪೀಠಕ್ಕೆ ತಾಗಿತು. ಮತ್ತೂ ಆಡಿಸಿದರು. ಬಸವಣ್ಣ ಕದಲಲಿಲ್ಲ. ನೆನೆದ ಎರೆಮಣ್ಣಿನೊಳಗೆ, ಹೂವುಗಳ ಸಮೇತ, ಜಾಕೇ ಮೆಲ್ಲಗೆ ಇಳಿಯಿತು. ವಾಲಿಕೊಂಡು ಎಣ್ಣೆ ಕಾರಿತು.

"ಮಾಸ್ತರ, ಬಸವಣ್ಣನ್ನ ಎತ್ತಾಕತ್ತೀರೋ, ಜಾಕ್ ಹೂಳಾಕತ್ತೀರೋ?" ಎಂದರು ಗೌಡರು. ಬಯಲೆಲ್ಲ ನಕ್ಕಿತು.

ಮಾಸ್ತರರು ಮೊಣಕಾಲೂರಿ, ಹೂವಿನೊಳಗೆ ಕೈಹಾಕಿ ಕೆಸರಿನಲ್ಲಿ ತಡಕಿದರು. ಹಲಗೆ ಸಿಗಲಿಲ್ಲ. ತಲೆಯೆತ್ತಿ ನನ್ನತ್ತ ನೋಡಿದರು. ನನ್ನ ಧೋತರದ ಅಂಚಿಗೆ ಇನ್ನೂ ಅದೇ ಕೆಸರು ಮೆತ್ತಿತ್ತು. ನಾನು ದೃಷ್ಟಿಯನ್ನು ಬಸವಣ್ಣನ ಮೇಲಿಟ್ಟೆ. ಅವರು ಎದ್ದು ಕೈ ಒರೆಸಿಕೊಂಡು, "ಲೆಕ್ಕ ತಪ್ಪೇತ್ರಿ," ಎಂದಷ್ಟೇ ಅಂದರು.

ಅಂದಿನಿಂದ ಅವರು ಕರಿಹಲಗೆಯ ಮೇಲೆ ಏನು ಬರೆದರೂ ತರಗತಿಯ ಹಿಂದಿನಿಂದ ಒಂದು ನಗೆ ಏಳುತ್ತಿತ್ತು. ನಮ್ಮ ಕಟ್ಟೆಗೆ ಬರುವುದನ್ನು ಅವರು ಬಿಟ್ಟರು. ಗೋಡೆಯಾಚೆ ಸ್ಟೋವ್ ಹೊತ್ತಿಸುವ, ಆರಿಸುವ ಸದ್ದು ಮಾತ್ರ ಕೇಳುತ್ತಿತ್ತು. ಆ ವರ್ಷವೇ ಕೇಳಿಕೊಂಡು ಮುದ್ದೇಬಿಹಾಳಕ್ಕೆ ವರ್ಗವಾದರು.

ಒಮ್ಮೆ ಅಲ್ಲಿಗೆ ಹೋದೆ, ಹೇಳಿಯೇ ಬಿಡಬೇಕೆಂದು. ಅವರು ಚಹಾ ಮಾಡಿಕೊಟ್ಟರು. ಮಳೆ, ಬೆಳೆ, ಊರಿನ ಸುದ್ದಿ ಎಲ್ಲ ಮುಗಿಯಿತು. ಬಾಗಿಲವರೆಗೆ ಬಂದು ಮೆಲ್ಲಗೆ ಕೇಳಿದರು:

"ಪಂಡಿತರ, ಲೆಕ್ಕ ಸರಿ ಇತ್ತಲ್ರಿ?"

ಬಸ್ಸಿಗೆ ತಡವಾಗುತ್ತದೆ ಎಂದೆ ನಾನು... ಅಷ್ಟೇ ಅಂದೆ. ಕೆಲವು ವರ್ಷಗಳ ಬಳಿಕ ಅವರು ತೀರಿಕೊಂಡ ಸುದ್ದಿ ಬಂತು. ಮಣ್ಣು ಕೊಡಲು ನಾನು ಹೋಗಲಿಲ್ಲ.

ಮುಂದೆ ಊರವರು ಕ್ರೇನ್ ತಂದು ಬಸವಣ್ಣನನ್ನು ನೆಟ್ಟಗೆ ಮಾಡಿದರು. ಆಗ ಕಬ್ಬಿಣದ ಮಾತನ್ನು ಯಾರೂ ತೆಗೆಯಲಿಲ್ಲ.

ತಾಳಿಕೋಟೆಯಿಂದ ಮರಳಿದ ಮರುದಿನ ನಾನು ಗುಡಿಯ ಕಟ್ಟೆಗೆ ಹೋಗಿ, ಕುಳಿತಿದ್ದವರೆಲ್ಲರ ಎದುರು ನಡೆದದ್ದನ್ನು ನಡೆದಂತೆ ಹೇಳಿದೆ. ಮಾಸ್ತರರ ಲೆಕ್ಕ ಸರಿಯಿತ್ತು, ಹಲಗೆ ತೆಗೆದವನು ನಾನು ಎಂದೆ. ಎಲ್ಲರೂ ಗೌರವದಿಂದ ಕೇಳಿದರು. ಕಡೆಗೆ ಒಬ್ಬರು ಅಂದರು: "ಯಾವ ಮಾಸ್ತರರ್ರಿ, ಅಜ್ಜಾರ?"

ಅಂದು ನಕ್ಕವರಲ್ಲಿ ಒಬ್ಬರೂ ಆ ಕಟ್ಟೆಯ ಮೇಲೆ ಉಳಿದಿರಲಿಲ್ಲ.